ದನಿಕೋಣೆಯ ಮರುದಿನ

ಬಾದಾಮಿ ಗುಡ್ಡದ ವಿದ್ಯಾಪೀಠ,
ಶ್ರಾವಣದ ಐವತ್ತೊಂದನೆಯ ದಿನ, ನದಿ ಮರಳಿದ ಎಂಬತ್ತನೆಯ ವರ್ಷ.

ನನಗಿಂತ ಮೊದಲು ಬದುಕುತ್ತಿರುವವರಿಗೆ,

ಇಂಥ ತಾರೀಖು ನಿಮ್ಮ ಪಂಚಾಂಗದಲ್ಲಿ ಇರಲಾರದು. ಬಿಸಿಲಿಗೆ ತಕ್ಕಂತೆ ನಾವು ತಿಂಗಳುಗಳನ್ನು ಹಿಗ್ಗಿಸಿಕೊಂಡಿದ್ದೇವೆ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಬಾಯಿಂದಲೇ ಕೇಳಿ ಕಲಿತವಳು. ಆದರೂ ಕೆಲವು ಮಾತು ನಿಮ್ಮ ಕಿವಿಗೆ ಒಗ್ಗದಿದ್ದರೆ ಮನ್ನಿಸಿ. ನನ್ನ ಹೆಸರು ದಾಕ್ಷಾಯಣಿ ಸವಡಿ. ಇಲ್ಲಿ ನಾನು ಯುದ್ಧಕಾರಣ ಎಂಬ ಪಾಠ ಹೇಳುತ್ತೇನೆ. ದೇಶಗಳು ಒಂದನ್ನೊಂದು ಹೇಗೆ ನೋಡುತ್ತವೆ, ಯಾಕೆ ಹೊಡೆದಾಡುತ್ತವೆ ಎಂಬುದರ ಪಾಠ ಅದು. ಈಗ ಬರೆಯಹೊರಟಿರುವುದು ನಾನೇ ಅದರ ವಿದ್ಯಾರ್ಥಿನಿಯಾಗಿದ್ದ ವರ್ಷದ ಸಂಗತಿ.

ನಮ್ಮಲ್ಲಿ ನದಿಸಭೆ ಎಂದಿದೆ. ಒಂದೇ ನೀರು ಕುಡಿಯುವ ದೇಶಗಳು ಕೂತು ಮಾತಾಡುವ ಜಾಗ. ಯುದ್ಧಕಾರಣದಲ್ಲಿ ಪಾಸಾಗದವರು ಅಲ್ಲಿ ಬಾಯಿ ತೆರೆಯುವಂತಿಲ್ಲ. ನನಗೆ ಅಲ್ಲಿ ಕೂರುವ ಆಸೆ ಬಹಳ ಇತ್ತು. ಪಾಠ ಬೆಳಗಿನ ತಂಪಿನಲ್ಲಿ ನಡೆಯುತ್ತಿತ್ತು. ಬಿಸಿಲೇರಿದ ಮೇಲೆ ಎಲ್ಲರೂ ನೆರಳುಬೀದಿಗೆ, ಅಂದರೆ ಬಂಡೆ ಕೊರೆದು ಮಾಡಿದ ತಂಪು ಓಣಿಗಳಿಗೆ ಇಳಿದು ಓದುತ್ತಿದ್ದೆವು. ಓದಿ ಮುಗಿಯುತ್ತಿರಲಿಲ್ಲ. ಹಳೆಯ ಒಪ್ಪಂದಗಳು, ಸೇನಾಪತಿಗಳ ಆತ್ಮಕಥೆಗಳು, ಸೋತ ದೇಶದವರು ಮಕ್ಕಳಿಗೆ ಕಲಿಸಿದ ಚರಿತ್ರೆ. ದೀಪಾವಳಿಯ ಹೊತ್ತಿಗೆ ತರಗತಿಯಲ್ಲಿ ಅರ್ಧ ಜನವೂ ಉಳಿದಿರಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಎದುರುಬರಹ. ಎದುರಾಳಿ ದೇಶದ ಬಾಯಿಂದ ನೀವು ಬರೆಯಬೇಕು. ಆ ದೇಶದ ಪಾತ್ರ ವಹಿಸಿದವರು ಓದಿ, ಹೌದು ಇದು ನಾನೇ ಎಂದು ಒಪ್ಪಬೇಕು. ನನಗೆ ಪಾತ್ರವಾಗಿ ಸಿಕ್ಕಿದ್ದು ಮೇಲ್ದಡ ಎಂಬ ದೇಶ. ಕೆಳದಡ ಸಿಕ್ಕಿದ್ದು ಜೈತುನ್ ನದಾಫಳಿಗೆ. ಅವು ನಿಜವಾದ ಹೆಸರುಗಳಲ್ಲ. ನಿಮ್ಮ ಕಾಲದಲ್ಲೋ, ಅದಕ್ಕೆ ತುಸು ಆಚೆಗೋ ಒಂದು ನದಿಯ ಎರಡು ದಂಡೆಯಲ್ಲಿದ್ದ ದೇಶಗಳವು. ಯಾವುವೆಂದು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಜೈತುನ್ ನನ್ನ ಕೋಣೆಯಲ್ಲೇ ಇದ್ದಳು, ನನ್ನ ತಾಟಿನಲ್ಲೇ ಉಣ್ಣುತ್ತಿದ್ದಳು. ಆದರೂ ನನ್ನ ಬರಹವನ್ನು ಮತ್ತೆ ಮತ್ತೆ ಹಿಂದಿರುಗಿಸಿದಳು.

"ಸಿಟ್ಟು ಬರದೀ, ಅಂಜಿಕಿ ಬರದಿಲ್ಲ" ಎಂದಳು. "ನಾ ಬರೇ ಸಿಟ್ಟಿನ ಮನಶ್ಯಾ ಏನ?"

ಆಮೇಲೆ ದನಿಕೋಣೆ, ಅಂದರೆ ಆ ದೇಶಗಳ ಯುದ್ಧವನ್ನು ಆಟವಾಗಿ ಆಡುವ ಪರೀಕ್ಷೆ ಶುರುವಾಯಿತು. ನಿಮ್ಮ ಕಿಸೆಯೊಳಗಿನ ಯಂತ್ರಗಳು ನಿಮಗೆ ಗೊತ್ತಿಲ್ಲದೆಯೇ ನಿಮ್ಮ ಮಾತುಗಳನ್ನು ಹಿಡಿದಿಟ್ಟಿದ್ದವು. ಅವು ನಮ್ಮವರೆಗೂ ಬಂದಿವೆ. ದನಿಕೋಣೆಯ ನಡುವೆ ಕಲ್ಲಿನ ಮೇಜು, ಮೇಜಿನಲ್ಲಿ ನದಿಯಂತೆ ಕೊರೆದ ಗೀರು, ಎರಡೂ ದಂಡೆಯ ಮೇಲೆ ಹಿತ್ತಾಳೆಯ ಕಾಯಿಗಳು. ಕಾಯಿ ಯಾವ ಊರಿನ ಹತ್ತಿರ ಬಂದರೆ ಆ ಊರಿನ ಕೊನೆಯ ದಿನದ ದನಿಗಳು ಗೋಡೆಯಿಂದ ಕೇಳಿಸುತ್ತವೆ. ಯಾರೋ ಮಗ್ಗಿ ಬಾಯಿಪಾಠ ಮಾಡುತ್ತಿರುತ್ತಾರೆ. ಯಾರೋ ದಾರಿ ಕೇಳುತ್ತಾರೆ. ಪರಭಾಷೆಯ ಗದ್ದಲದ ನಡುವೆ ಒಂದು ಸಲ ಕನ್ನಡ ಕೇಳಿತು: "ಭಾನುವಾರ ಬರ್ತೀನಿ ಕಣೇ, ಕೋಸಂಬರಿ ಮಾಡಿಡು." ದಾಳಿಯಾದರೆ ಆ ಊರಿನ ದನಿಗಳು ಮಾತಿನ ನಡುವೆಯೇ ನಿಲ್ಲುತ್ತವೆ.

ನಿಯಮ ಇಷ್ಟೆ. ಆ ದೇಶಗಳ ನಡುವೆ ಆಗ ಮಾತುಕತೆ ಮುರಿದಿತ್ತು. ಹಾಗಾಗಿ ಆಟ ಮುಗಿಯುವವರೆಗೆ ನಾವೂ ಕೋಣೆಯೊಳಗಾಗಲಿ ಹೊರಗಾಗಲಿ ಅದರ ಬಗ್ಗೆ ಮಾತಾಡುವಂತಿಲ್ಲ, ಕಾಯಿ ಸರಿಸಬಹುದು ಅಷ್ಟೆ. ಯುದ್ಧ ತಪ್ಪಿಸಿದರೆ ಇಬ್ಬರೂ ಪಾಸು, ಇಲ್ಲವಾದರೆ ಪ್ರಬಂಧದ ಅಂಕಗಳ ಮೇಲೆ ಅದೃಷ್ಟ. ನಮ್ಮ ಪ್ರಾಧ್ಯಾಪಕ ವಿರೂಪಣ್ಣ ಗಡಾದರು ಮೊದಲ ದಿನವೇ ಹೇಳಿಬಿಟ್ಟಿದ್ದರು. "ನಾ ಕಲಿಯಾಕ ಬಂದಾಗಿಂದ ಯಾರೂ ತಪ್ಪಿಸಿಲ್ಲ. ಎಲ್ಲಾರಿಗೂ ಕತಿ ಗೊತ್ತಿರತೈತಿ. ಆದರೂ ಆಗತೈತಿ."

ನಾವಿಬ್ಬರೂ ನಕ್ಕಿದ್ದೆವು. ಗೆಳತಿಯರ ನಡುವೆ ಎಂಥ ಯುದ್ಧ?

ಆದರೆ ಆಟ ಸಾಗಿದಂತೆ ನಾವು ಮಲಗುವ ಕೋಣೆಯಲ್ಲಿ ಏನೋ ಬದಲಾಗತೊಡಗಿತು. ಜೈತುನ್ ತನ್ನ ಹಾಸಿಗೆಯನ್ನು ಬಾಗಿಲಿನ ಕಡೆ ತಿರುಗಿಸಿಕೊಂಡಳು. ನಾನು ಯಾಕೆಂದು ಕೇಳಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಅವಳು ನನ್ನ ಪುಸ್ತಕಗಳನ್ನು ನೋಡುತ್ತಾಳೇನೋ ಅನ್ನಿಸಿ ಪೆಟ್ಟಿಗೆಗೆ ಬೀಗ ಹಾಕಿದೆ. ಒಂದು ಬೆಳಿಗ್ಗೆ ಅವಳು ಕೊಟ್ಟ ಚಹಾ ಕುಡಿಯುವ ಮುನ್ನ ಲೋಟದೊಳಗೆ ಇಣುಕಿದೆ. ತಲೆ ಎತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಜೈತುನ್ ಇರಲಿಲ್ಲ. ನನ್ನ ಮುಖದಲ್ಲಿ ಅವಳಿಗೆ ಯಾರು ಕಂಡರೋ.

ಆಟದಲ್ಲಿ ಎರಡು ದಂಡೆಗಳ ನಡುವಿನ ಸೇತುವೆ ಮುರಿದು ಬೀಳುವ ಹಂತ ಬಂತು. ಚರಿತ್ರೆಯಲ್ಲಿ ಅದನ್ನು ಯಾರು ಕೆಡವಿದರೆಂದು ಇವತ್ತಿಗೂ ಗೊತ್ತಿಲ್ಲ. ಎರಡೂ ಸೈನ್ಯ ನದಿಯಂಚಿಗೆ ಬಂದು ನಿಂತವು. ನಾನು ಬಹಳ ಯೋಚಿಸಿ ನನ್ನ ಕಾಯಿಗಳನ್ನೆಲ್ಲ ದಂಡೆಯಿಂದ ದೂರ ಹಿಂದಕ್ಕೆ ಸರಿಸಿದೆ. ಹೊಡೆಯುವ ಮನಸ್ಸಿಲ್ಲ ಎಂದು ಹೇಳಲು ನನಗಿದ್ದ ದಾರಿ ಅದೊಂದೇ. ಜೈತುನ್ ಮೇಜನ್ನು ದಿಟ್ಟಿಸುತ್ತ ಕೂತಳು. ನಂತರ ಅವಳ ಕೈ ನದಿ ದಾಟಿ ಬಂತು. ನನ್ನ ಊರುಗಳ ದನಿಗಳು ಒಂದೊಂದಾಗಿ ನಿಂತವು.

ಹೊರಗೆ ಬಂದ ಮೇಲೆ ಕೂಗಿಬಿಟ್ಟೆ. "ನಾ ಹಿಂದ ಸರದಿದ್ನಲ್ಲೇ!"

"ಅದಕ್ಕ ಅಂಜಿಕಿ ಬಂತು" ಎಂದಳು. "ನಿನ್ನ ಮಂದೀನ್ನ ಯಾಕ ದೂರ ಒಯ್ದಿ? ಮ್ಯಾಲಿಂದ ಬಾಂಬ ಗೀಂಬ ಹಾಕಾಕ ಹೊಂಟೀ ಅಂತ ತಿಳದೆ."

ಗಡಾದ ಸರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಖರೇ ಯುದ್ಧದಾಗೂ ಹಿಂಗಽ ಆಗಿತ್ರವಾ" ಎಂದಷ್ಟೇ ಹೇಳಿ ಒಳಗೆ ಹೋದರು.

ಯುದ್ಧ ತಪ್ಪಿಸಲಾಗದ ಜೋಡಿಗೆ ಇನ್ನೊಂದು ಅವಕಾಶವಿತ್ತು. ಮತ್ತೆ ಅದೇ ಮೇಜು, ಅದೇ ಮುರಿದ ಸೇತುವೆ. ಈ ಸಲ ನಾನು ಕಾಯಿ ಮುಟ್ಟುವ ಮೊದಲು ಅವಳ ಕಡೆ ನೋಡಿ ಬಾಯಿ ತೆರೆದೆ. "ಜೈತುನ್, ನಂಗ ಅಂಜಿಕಿ ಆಗೈತಿ. ಹಿಂದ ಸರೀತೀನಿ. ಹೊಡ್ಯಾಕಲ್ಲ."

ನಿಯಮ ಮುರಿದಿದ್ದೆ. ಗಡಾದ ಸರ್ ತಡೆಯಬೇಕಿತ್ತು, ತಡೆಯಲಿಲ್ಲ. ಜೈತುನ್ ಅಳುತ್ತಿದ್ದಳು. "ನಂಗೂ" ಎಂದು ತನ್ನ ಕಾಯಿಗಳನ್ನು ಹಿಂದಕ್ಕೆಳೆದುಕೊಂಡಳು.

ಯುದ್ಧ ಆಗಲಿಲ್ಲ. ಎರಡೂ ದಂಡೆಯ ಊರುಗಳು ಮಾತಾಡುತ್ತಲೇ ಇದ್ದವು. ನಾವು ಮೂವರೂ ಉಸಿರು ಬಿಗಿಹಿಡಿದು ಕೇಳುತ್ತ ಕೂತೆವು. ಪಾತ್ರೆಯ ಸದ್ದು, ಯಾರದೋ ಕೆಮ್ಮು, ಒಂದು ಮಗುವಿನ ಹಟ. ಆಮೇಲೆ ಎಲ್ಲ ದನಿಯೂ ಒಟ್ಟಿಗೇ ನಿಂತುಬಿಟ್ಟಿತು.

"ಸರ, ಯಾಕ ಬಂದ್ ಆತು? ನಾವು ಹೊಡೀಲಿಲ್ಲಲ್ರೀ?" ಎಂದಳು ಜೈತುನ್.

ಸರ್ ಗೋಡೆಗೆ ಕಿವಿಯಿಟ್ಟರು, ಅಂಗೈಯಿಂದ ಗೋಡೆ ತಟ್ಟಿದರು. ಇಷ್ಟು ದೂರ ಯಾರೂ ಬಂದಿರಲಿಲ್ಲವಾದ್ದರಿಂದ ಅವರೂ ಇದನ್ನು ಎಂದೂ ಕೇಳಿರಲಿಲ್ಲ. ಆಮೇಲೆ ನೆಲಕ್ಕೆ ಕೂತು ಹೇಳಿದರು: "ಮುಂದಿನ ದನಿ ಇಲ್ಲವಾ. ಖರೇ ಯುದ್ಧದಾಗ ಆ ದಿನದ ಮುಂದ ಯಾರೂ ಉಳೀಲಿಲ್ಲ. ಯಾರ ದನಿ ಹಚ್ಚಲಿ?"

ನಿಯಮ ಮುರಿದದ್ದಕ್ಕೆ ಪರೀಕ್ಷಾ ಮಂಡಳಿ ನಮ್ಮಿಬ್ಬರನ್ನೂ ನಪಾಸು ಮಾಡಿತು. ಮರುವರ್ಷ ನಾನು ಮತ್ತೆ ಕೂತು, ಯುದ್ಧ ಮಾಡಿ, ಪ್ರಬಂಧದ ಬಲದಿಂದ ಪಾಸಾದೆ. ಜೈತುನ್ ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಇಳಕಲ್ಲಿನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುತ್ತಾಳೆ. ಹಬ್ಬಕ್ಕೆ ಬಂದು ಹೋಗುತ್ತಾಳೆ. ನದಿಸಭೆಯಿಂದ ನನಗೆ ಕರೆ ಬಂದಿತ್ತು, ಹೋಗಲಿಲ್ಲ. ಗಡಾದ ಸರ್ ತೀರಿಕೊಂಡ ಮೇಲೆ ದನಿಕೋಣೆಯ ಬೀಗದ ಕೈ ನನ್ನ ಬಳಿ ಇದೆ.

ನಿಮ್ಮ ದನಿ ನಮ್ಮವರೆಗೆ ಬಂದ ದಾರಿಯಲ್ಲೇ ಈ ಅಕ್ಷರಗಳೂ ನಿಮ್ಮವರೆಗೆ ಬರಬಹುದೇನೋ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಆ ನದಿ ಯಾವುದೆಂದು ಈಗ ನನಗೆ ಗೊತ್ತು. ಆದರೂ ಹೇಳುವುದಿಲ್ಲ, ಹೇಳಿದರೆ ಉಳಿದ ನದಿಗಳ ಬಗ್ಗೆ ನೀವು ನಿಶ್ಚಿಂತರಾಗಿಬಿಡುತ್ತೀರಿ. ಎದುರಿನವರು ಹಿಂದೆ ಸರಿಯುವುದು ಕಂಡರೆ ದಯವಿಟ್ಟು ಯಾಕೆಂದು ಕೇಳಿ. ನೀವು ಸರಿಯುವುದಾದರೆ ಯಾಕೆಂದು ಕೂಗಿ ಹೇಳಿ. ಮಾತು ಮುರಿದಿದ್ದರೂ ಹೇಳಿ.

ಮರುದಿನದ ದನಿಗಾಗಿ ನಾನಿಲ್ಲಿ ಗೋಡೆಗೆ ಕಿವಿಯಿಟ್ಟು ಕೂತಿದ್ದೇನೆ.

ನಿಮ್ಮ,
ದಾಕ್ಷಾಯಣಿ