ನಿಂತವರಿಗಷ್ಟೇ ಲಿಫ್ಟು

ಬಹುಮಹಡಿ ಕಟ್ಟಡಗಳ ನಕ್ಷೆಗೆ ಒಪ್ಪಿಗೆ ಕೊಡುವ ಮಾನ್ಯ ಅಧಿಕಾರಿಗಳೇ,

ನನಗೆ ಭಯವಾಗುತ್ತಿದೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರ್ಯಾದೆಯ ಮಾತುಗಳ ನಡುವೆ ಅದು ಮರೆತುಹೋದೀತು. ಮಂಡ್ಯದಲ್ಲಿ ನೀವು ಒಪ್ಪಿಗೆ ಕೊಟ್ಟ ಹನ್ನೊಂದು ಮಹಡಿಯ ಕಟ್ಟಡದಲ್ಲಿ, ಒಂಬತ್ತನೇ ಮಹಡಿಯಲ್ಲಿ ನಾನಿದ್ದೇನೆ. ನಮ್ಮ ಲಿಫ್ಟಿನಲ್ಲಿ ಮನುಷ್ಯರು ನಿಲ್ಲಬಹುದು, ಮಲಗುವಂತಿಲ್ಲ. ಸ್ಟ್ರೆಚರ್ ಅದರೊಳಗೆ ಹಿಡಿಸುವುದಿಲ್ಲ. ಇದೇ ನಕ್ಷೆಯ ಇನ್ನೊಂದು ಕಟ್ಟಡ ಮದ್ದೂರಿನಲ್ಲಿ ಏಳಲಿದೆ, ಕಡತ ನಿಮ್ಮ ಮೇಜಿನ ಮೇಲಿದೆ ಎಂದು ಕೇಳಿ ಬರೆಯುತ್ತಿದ್ದೇನೆ.

ನಾವು ಬಂದ ದಿನ ನಮ್ಮ ಫ್ರಿಜ್ಜು ಅದೇ ಲಿಫ್ಟಿನಲ್ಲಿ ಠೀವಿಯಿಂದ ನಿಂತು ಮೇಲೆ ಬಂತು. ನಾನೂ ಹಿಗ್ಗಿದ್ದೆ. ಬಾಲ್ಕನಿಯಿಂದ ಕಬ್ಬಿನ ಗದ್ದೆ ಕಾಣುತ್ತದೆಂದು ನೆಂಟರಿಗೆಲ್ಲ ಫೋನು ಮಾಡಿದ್ದೆ. ಕಳೆದ ತಿಂಗಳು ಎದುರುಮನೆಯ ಲಾರಿ ಮೆಕ್ಯಾನಿಕ್ ವಹಾಬ್ ಸಾಹೇಬರಿಗೆ ಊಟಕ್ಕೆ ಕೂತಾಗ ಎದೆನೋವು ಬಂತು. ಆಂಬುಲೆನ್ಸಿನವರು ಬೇಗನೇ ಬಂದರು. ಸ್ಟ್ರೆಚರನ್ನು ನೇರ ತಳ್ಳಿದರು, ಓರೆ ಮಾಡಿದರು. ಲಿಫ್ಟಿನ ಬಾಗಿಲು ಮುಚ್ಚಲಿಲ್ಲ. ಕುರ್ಚಿಯಲ್ಲಿ ಕೂರಿಸಿದರೆ ಅವರ ತಲೆ ಜೋಲುಬಿತ್ತು. ಕೊನೆಗೆ ನಮ್ಮ ಮನೆಯ ಜಮಖಾನದಲ್ಲಿ ಮಲಗಿಸಿ, ನಾಲ್ಕು ಮೂಲೆಯನ್ನು ನಾಲ್ವರು ಹಿಡಿದು ಮೆಟ್ಟಿಲಿಳಿದರು. ಆ ಮೆಟ್ಟಿಲೋ, ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಪ್ರತಿ ತಿರುವಿನಲ್ಲೂ ಅವರ ಹೆಂಡತಿ ಫಕ್ರುನ್ನೀಸಾ "ತಲೆ, ತಲೆ!" ಎಂದು ಚೀರುತ್ತಿದ್ದಳು. ಸಾಹೇಬರು ಬದುಕಿದರು. ತಡವಾದ್ದರಿಂದ ಹೃದಯ ಸೋತಿದೆ, ಇನ್ನು ಸ್ಪ್ಯಾನರ್ ಹಿಡಿಯುವಂತಿಲ್ಲ ಎಂದಿದ್ದಾರೆ ಡಾಕ್ಟರು.

ಮಾನ್ಯರೇ, ನಿಮ್ಮ ನಕ್ಷೆಯಲ್ಲಿ ಜಿಮ್ ಇದೆ, ನೀರಿಲ್ಲದ ಕಾರಂಜಿಯೂ ಇದೆ. ಕಾಯಿಲೆ ಬೀಳುವ, ಹೆರುವ, ಸಾಯುವ ಮನುಷ್ಯರು ಅದರಲ್ಲಿ ಎಲ್ಲಿದ್ದಾರೆ? ನಾವು ಮೊದಲಿದ್ದ ಬೀದಿಯಲ್ಲಿ ಮನೆ ಇಕ್ಕಟ್ಟು, ನಿಜ. ಆದರೆ ಮಂಚದ ಸಮೇತ ಎತ್ತಿಕೊಂಡು ರಸ್ತೆಗೆ ಬರಬಹುದಿತ್ತು, ಕೂಗಿದರೆ ಬೀದಿಯೇ ಓಡಿಬರುತ್ತಿತ್ತು. ಎತ್ತರಕ್ಕೆ ಕಟ್ಟಲೇಬೇಡಿ ಎನ್ನುವುದಿಲ್ಲ. ಜನ ಹೆಚ್ಚಿದ್ದಾರೆ, ಜಾಗ ಸಾಲದು. ಮೇಲಿರುವವರಿಗೂ ಮೈ ಎಂಬುದೊಂದಿದೆ ಎಂದು ನೆನಪಿಟ್ಟುಕೊಂಡು ಕಟ್ಟಬಾರದೇ?

ಮಳವಳ್ಳಿಯಲ್ಲಿರುವ ನನ್ನ ಮಗಳು ಗೌತಮಿ ಚೊಚ್ಚಲ ಬಸುರಿ. ಗರ್ಭದಲ್ಲಿ ಮಗುವಿನ ಮಾಸು ತೀರಾ ಕೆಳಗಿದೆ, ರಕ್ತ ಕಾಣಿಸಿದರೆ ಮಲಗಿಸಿಕೊಂಡೇ ಆಸ್ಪತ್ರೆಗೆ ಕರೆತನ್ನಿ ಎಂದು ಅವಳ ಡಾಕ್ಟರು ಹೇಳಿದ್ದಾರೆ. ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕಾದವಳು ನಾನು. ದಿನವೂ ಫೋನು: "ಯಾವತ್ತು ಕರ್ಕೊಂಡು ಹೋಗ್ತೀಯಮ್ಮ?" ಮಂಗಳವಾರ ಬೇಡ, ಅಮಾವಾಸ್ಯೆ ಕಳೆಯಲಿ ಎನ್ನುತ್ತಾ ಪಂಚಾಂಗದಲ್ಲಿಲ್ಲದ ದೋಷಗಳನ್ನೆಲ್ಲ ಹುಟ್ಟಿಸುತ್ತಿದ್ದೇನೆ. ಮೊನ್ನೆ ಫಕ್ರುನ್ನೀಸಾ ಜಮಖಾನ ಒಗೆದು ತಂದುಕೊಟ್ಟಳು.

"ಪಂಕಜಕ್ಕ, ಮಗೀನ ಇಲ್ಗೆ ಕರ್ಕಬರ್ಬ್ಯಾಡ ಕಣಕ್ಕ. ಏನಾರ ಆದ್ರೆ ಎಂಗ್ ಇಳುಸ್ತೀಯ?"

ಜಮಖಾನವನ್ನು ಬೀರುವಿಗೆ ಸೇರಿಸಲು ಧೈರ್ಯ ಬರದೆ ಬಾಗಿಲ ಪಕ್ಕದಲ್ಲೇ ಮಡಿಸಿಟ್ಟಿದ್ದೇನೆ.

ಮದ್ದೂರಿನ ನಕ್ಷೆಗೆ ಸಹಿ ಹಾಕುವ ಮುನ್ನ ಒಮ್ಮೆ ಇಲ್ಲಿಗೆ ಬನ್ನಿ. ನಮ್ಮ ಲಿಫ್ಟಿನಲ್ಲಿ ಕಾಲು ಚಾಚಿ ಮಲಗಿ, ಬಾಗಿಲು ಮುಚ್ಚುತ್ತದೆಯೇ ನೋಡಿ. ಮುಚ್ಚಿದರೆ ಸಹಿ ಹಾಕಿ, ಪೆನ್ನು ನಾನೇ ಕೊಡುತ್ತೇನೆ. ಮುಚ್ಚದಿದ್ದರೆ ಸ್ಟ್ರೆಚರ್ ಹಿಡಿಸುವ, ಕರೆಂಟು ಹೋದರೂ ನಿಲ್ಲದ ಲಿಫ್ಟು ಅಲ್ಲಿಗೂ ಹಾಕಿಸಿ, ಇಲ್ಲಿಗೂ ಹಾಕಿಸಿ. ಮಲಗಲು ಜಮಖಾನ ನಮ್ಮ ಮನೆಯದೇ ಇದೆ. ಬೇಗ ಬನ್ನಿ. ಮಗಳಿಗೆ ಹೇಳಲು ಪಂಚಾಂಗದಲ್ಲಿ ಇನ್ನು ಸುಳ್ಳುಗಳು ಉಳಿದಿಲ್ಲ.

ಇಂತಿ,
ಮಗಳನ್ನು ಮನೆಗೆ ಕರೆಯಲು ಹೆದರುವ ತಾಯಿ,
ಪಂಕಜಮ್ಮ
ಒಂಬತ್ತನೇ ಮಹಡಿ, ಮಂಡ್ಯ