ಅಪ್ಪನ ಗಾಡಿಯ ಬ್ರೇಕು ಬೇರೆ ಮಾಡಬೇಡ

ವೆರಿಬೀ, ಮೆಲ್ಬರ್ನ್
೪ ಏಪ್ರಿಲ್ ೧೯೯೫

ನನ್ನ ಕಂದ ಸುದರ್ಶನಾ,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ನಾರ್ತ್ ಸಿಡ್ನಿಯ ಆ ಆಫೀಸಿನ ಏಸಿಯಲ್ಲಿ ಕೂತು ಕೂತೇ ಅದು ನಿನಗೆ ಅಂಟಿಕೊಂಡಿರುವುದು. ಕಳಿಸಿದ ಸಾರಿನ ಪುಡಿಯನ್ನು ಡಬ್ಬಿಯಲ್ಲೇ ಪೂಜೆಗಿಡಬೇಡ, ಬಿಸಿಬಿಸಿ ಮಾಡಿಕೊಂಡು ಕುಡಿ. ಯುಗಾದಿಗೆ ಒಬ್ಬಟ್ಟು ಮಾಡಿದ್ದೆ. ನೀನಿಲ್ಲದೆ ನನಗೆ ಒಂದೂ ಗಂಟಲಲ್ಲಿ ಇಳಿಯಲಿಲ್ಲ.

ಫೋನು ಬಿಟ್ಟು ಕಾಗದ ಯಾಕೆ ಅಂದುಕೊಳ್ಳುತ್ತೀಯೇನೋ. ಫೋನು ಇರುವುದು ನಿಮ್ಮಪ್ಪನ ಕುರ್ಚಿಯ ಪಕ್ಕದಲ್ಲಿ. ರಿಟೈರ್ ಆದಮೇಲೆ ಅವರು ಕುರ್ಚಿ ಬಿಟ್ಟರೆ ಗ್ಯಾರೇಜು, ಗ್ಯಾರೇಜು ಬಿಟ್ಟರೆ ಕುರ್ಚಿ. ಈಸ್ಟರ್ ರಜೆಗೆ ನೀನು ಬಂದು ಅವರ ಮೋಟಾರ್ ಸೈಕಲ್ಲಿನ ಬ್ರೇಕುಗಳನ್ನು ಬೇರೆ ಮಾಡಿಕೊಡುತ್ತೀಯಂತೆ. ಈಗ ಕಾಲಿನ ಪೆಡಲ್ ತುಳಿದರೆ ಮುಂದಿನ ಗಾಲಿಯೂ ಹಿಂದಿನ ಗಾಲಿಯೂ ಒಟ್ಟಿಗೆ ಹಿಡಿಯುತ್ತವೆ. ನೀನು ಬ್ರೇಕಿನ ಪೈಪು ಬದಲಾಯಿಸಿದರೆ ಕಾಲಿಗೆ ಹಿಂದಿನದು ಮಾತ್ರ, ಮುಂದಿನದೆಲ್ಲ ಬಲಗೈಗೆ. ಗುರುದತ್ತ ಅಂಕಲ್ ತಮ್ಮ ಗಾಡಿಗೆ ಹಾಗೇ ಮಾಡಿಕೊಂಡಿದ್ದಾರಂತೆ, ಅಂದಿನಿಂದ ಇವರಿಗೂ ಅದೇ ಹುಚ್ಚು. ಮಾಡಬೇಡ ಮಗನೇ. ಕೈಮುಗಿದು ಕೇಳಿಕೊಳ್ಳುತ್ತೇನೆ, ಮಾಡಬೇಡ.

ಒಗ್ಗರಣೆ ಹಾಕುವವಳಿಗೆ ಬ್ರೇಕಿನ ಉಸಾಬರಿ ಯಾಕೆ ಅಂತ ನಗುತ್ತೀಯ, ಗೊತ್ತು. ಹೋದ ತಿಂಗಳು ಪಾಯಿಂಟ್ ಕುಕ್ ಹತ್ತಿರ ಜಲ್ಲಿಯ ಮೇಲೆ ಗಾಡಿ ಜಾರಿತು. "ಪೆಡಲ್ ಮುಟ್ಟಿದ್ರೆ ಮುಂದಿನ ವೀಲೂ ಹಿಡಿದುಬಿಡುತ್ತೆ ಕಣೇ, ಅದಕ್ಕೇ ಸ್ಕಿಡ್ ಆಗಿದ್ದು" ಅಂದರು. ಇರಬಹುದು. ಆದರೆ ಫ್ರೀವೇಯಲ್ಲಿ ಮುಂದಿನ ಟ್ರಕ್ಕು ತಟ್ಟನೆ ನಿಂತಾಗ ಅವರನ್ನು ಉಳಿಸಿ ಮನೆಗೆ ತರುತ್ತಿರುವುದೂ ಅದೇ ಪೆಡಲು. ಅದನ್ನು ನೀನು ಬದಲಾಯಿಸಿದರೆ ನಾನು ಅವರನ್ನು ಕಳೆದುಕೊಳ್ಳುತ್ತೇನೆ. ಕಾರಣ ಕೇಳಬೇಡ. "ಸುದರ್ಶನನಿಗೆ ಹೇಳಿದ್ರೆ ನನ್ನಾಣೆ" ಅಂತ ನನ್ನ ಬಾಯಿಗೆ ಬೀಗ ಹಾಕಿದ್ದಾರೆ. ಹೇಳಿದರೆ ಅವರಿಗೇನಾದೀತೋ ಅಂತ ಭಯ, ಹೇಳದಿದ್ದರೆ ಇನ್ನೂ ಭಯ.

ಗಾಡಿ ಮಾರಿಬಿಡಿ ಅಂದದ್ದಕ್ಕೆ ನನ್ನ ಹತ್ತಿರ ಮಾತೇ ಬಿಟ್ಟಿದ್ದರು. ದೇವರ ಮುಂದೆ ಕೂತರೂ ನನ್ನ ಕಿವಿ ಗ್ಯಾರೇಜಿನ ಕಡೆಗೇ ಇರುತ್ತದೆ. ಸ್ಟಾರ್ಟ್ ಮಾಡಿದ ಸದ್ದು ಕೇಳಿದರೆ ಆರತಿ ಅಲ್ಲೇ ಬಿಟ್ಟು ಬಾಗಿಲಿಗೆ ಓಡುತ್ತೇನೆ. ಪಾರ್ಟು ಸಿಗಲಿಲ್ಲ ಅನ್ನು, ರಜೆ ಕೊಡಲಿಲ್ಲ ಅನ್ನು, ಏನಾದರೂ ಒಂದು ಸುಳ್ಳು ಹೇಳು. ಬೈದರೆ ಬೈಸಿಕೋ. ಈ ದೇಶದಲ್ಲಿ ನೀವಿಬ್ಬರು ಬಿಟ್ಟರೆ ನನಗೆ ಇನ್ಯಾರಿದ್ದಾರೆ ಹೇಳು.

ಹೊತ್ತುಹೊತ್ತಿಗೆ ಊಟ ಮಾಡು. ವಸಂತಾ ಆಂಟಿ ಸಿಕ್ಕರೆ ನಾನು ಕೇಳಿದೆ ಅಂತ ಹೇಳು. ನೀನು ಹಿಡಿದ ಕೆಲಸವೆಲ್ಲ ಕೈಗೂಡಲಿ, ಇದೊಂದು ಬಿಟ್ಟು.

ನಿನ್ನ ಅಮ್ಮ
ಭಾಗೀರಥಿ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಒಳಗೆ ಬಂದರು. ನೀನು ಒಲ್ಲೆ ಅಂದರೆ ಗುರುದತ್ತನ ಕೈಲೇ ಮಾಡಿಸುತ್ತಾರಂತೆ. ಇನ್ನು ನಾನು ಬಾಯಿ ಮುಚ್ಚಿಕೊಂಡಿರಲಾರೆ. ದೀಪಾವಳಿಗೆ ಬಂದಾಗ ಅವರು ಚಮಚದಲ್ಲಿ ಊಟ ಮಾಡುವುದನ್ನು ನೋಡಿ "ಅಪ್ಪ ಪೂರಾ ಆಸ್ಟ್ರೇಲಿಯನ್ ಆಗ್ಬಿಟ್ರು" ಅಂತ ನಕ್ಕೆಯಲ್ಲ, ಅವರೂ ನಕ್ಕರಲ್ಲ, ಅವರಿಗೆ ಅನ್ನ ಕಲಸಲು ಆಗುವುದಿಲ್ಲ ಕಣೋ. ಬಲಗೈ ಬೆರಳುಗಳಲ್ಲಿ ಶಕ್ತಿಯೇ ಇಲ್ಲ. ಚಮಚವನ್ನು ಹೇಗೋ ಸಿಕ್ಕಿಸಿಕೊಳ್ಳುತ್ತಾರೆ, ಆಕ್ಸಿಲರೇಟರ್ ಹೇಗೋ ತಿರುಗಿಸುತ್ತಾರೆ, ಕೈಯ ಬ್ರೇಕನ್ನು ಮಾತ್ರ ಬಿಗಿಯಾಗಿ ಹಿಡಿಯಲಾರರು. ಡಾಕ್ಟರ ಹತ್ತಿರ ಬರುವುದಿಲ್ಲ. ಕೆಲಸವನ್ನೆಲ್ಲ ಕೈಗೇ ಕೊಟ್ಟರೆ ಕೈ ತಾನಾಗಿ ಸರಿಹೋಗುತ್ತದೆ ಅನ್ನುತ್ತಾರೆ. ಆಣೆ ಮುರಿದೆ, ಅದರ ಪಾಪ ನನಗೇ ಇರಲಿ. ಈಸ್ಟರ್‌ವರೆಗೆ ಕಾಯಬೇಡ, ಈ ಶನಿವಾರವೇ ಬಾ. ಸ್ಪ್ಯಾನರ್ ತರಬೇಡ. ಕಾಲಿಗೆ ನಮಸ್ಕಾರ ಮಾಡಿ ಎದ್ದಮೇಲೆ ಅವರ ಬಲಗೈ ಹಿಡಿದುಕೋ. ತಿರುಗಿ ಹಿಡಿಯುತ್ತಾರೋ ನೋಡು.