ಲಿಥಿಯಂ ಬಗ್ಗೆ ಆಡದ ಮಾತು

ಜೂನ್ ೧೪, ಶನಿವಾರ. ಗ್ಲೆನ್ ವೇವರ್ಲಿ, ವಿದೇಶದಲ್ಲಿರುವ ಮಗಳ ಮನೆ.

ಕನ್ನಡ ಕೂಟದಲ್ಲಿ ಇಂದು ನನ್ನ ಭಾಷಣ ನಡೆಯಲಿಲ್ಲ. ವಿಶ್ವದ ಮೊದಲ ಕೆಲವೇ ನಿಮಿಷಗಳಲ್ಲಿ ಹೀಲಿಯಂ, ಜೊತೆಗೆ ಚೂರು ಲಿಥಿಯಂ ಹುಟ್ಟಿದವು. ಆದರೆ ಸಿದ್ಧಾಂತದ ಲೆಕ್ಕ ಹೇಳುವಷ್ಟು ಲಿಥಿಯಂ ಹಳೆಯ ನಕ್ಷತ್ರಗಳಲ್ಲಿ ಕಾಣುವುದಿಲ್ಲ. ಏಕೆಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಅಷ್ಟನ್ನೇ ಹೇಳಬೇಕೆಂದಿದ್ದೆ.

ವೇದಿಕೆ ಹತ್ತುವ ಮುಂಚೆ ಕಾರ್ಯದರ್ಶಿ ಶ್ರೀನಾಥ್ ತಡೆದ. “ಆಂಟಿ, ಗೊತ್ತಿಲ್ಲ ಅಂತ ಮುಗಿಸ್ಬೇಡಿ. ಇದೆಲ್ಲಾ ನಮ್ಮ ಪುರಾಣದಲ್ಲೇ ಇತ್ತು ಅನ್ನಿ, ಕ್ಲಾಪ್ಸ್ ಬೀಳತ್ತೆ.”

“ಇಲ್ಲದ್ದನ್ನ ಇತ್ತು ಅನ್ನಲ್ಲಪ್ಪ,” ಅಂದೆ. ನನ್ನ ಹೆಸರು ಬಿಟ್ಟು ಡ್ಯಾನ್ಸ್‌ನವರನ್ನು ಕರೆದರು.

ಕಾರಿನಲ್ಲಿ ಮಗಳು ಮಹತಿ, “ಅಮ್ಮಾ, ಆ ಒಂದ್ ಮಾತು ಹೇಳಿದ್ರೆ ಏನ್ ಹೋಗ್ತಿತ್ತು? ನಾಳೆ ಅವರ ಮುಖ ನೋಡ್ಬೇಕಾಗಿರೋದು ನಾನು,” ಅಂದಳು.

ಶ್ರೀನಾಥನನ್ನು ಕ್ಷಮಿಸಬಹುದು. ಆದರೆ ಇವಳು ಮೈಸೂರಿನಲ್ಲಿ ನನ್ನದೇ ಫಿಸಿಕ್ಸ್ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತು ಕಲಿತವಳು.